ಪಿಎಫ್ ಬಿಡಿಸಿಕೊಂಡೋರೆಲ್ಲ ದಡ್ಡರಾ?

ಮೊದಲೇ ಹೇಳಿಬಿಡ್ತೀನಿ, ಇದು ಉದ್ದದ ಕೊರೆತ. ಮಧ್ಯೆ ಒಂದಿಷ್ಟು ಗುಣಾಕಾರ ಭಾಗಾಕಾರವೂ ಇದೆ. ಕಾಫಿ ಮಾಡಿಕೊಂಡು ಬಂದು ಕೂತ್ಕೊಳ್ಳಿ.

ವಿಷಯ ಏನಪ್ಪಾ ಅಂದ್ರೆ, ನಮ್ಮ ಸಾಫ್ಟ್‌ವೇರ್ ಮಂದಿಗೆ ಇತ್ತೀಚೆಗೆ ಉಪದೇಶ ಮಾಡೋ ಚಟ ಹತ್ತಿದೆ. "ಪಿಎಫ್ ಹಣ ಮುಟ್ಟಬೇಡಿ, ಚಕ್ರಬಡ್ಡಿ ಅನ್ನೋದು ಪವಾಡ, ಮುಪ್ಪಿನ ಕಾಲಕ್ಕೆ ಅದೇ ಊರುಗೋಲು" ಅಂತ ಸಿಕ್ಕವರಿಗೆಲ್ಲ ಹೇಳೋದು. ಹೇಳಲಿ, ಬೇಡ ಅನ್ನಲ್ಲ. ಆದರೆ ಅದರ ಬಾಲಕ್ಕೆ ಇನ್ನೊಂದು ಮಾತು ಸೇರಿಸ್ತಾರೆ ನೋಡಿ, ಅಲ್ಲಿ ನನಗೆ ಉರಿಯುತ್ತೆ. "ಈ ಗಾರ್ಮೆಂಟ್ಸ್ ಹೆಂಗಸರಿಗೆ ಬುದ್ಧಿಯೇ ಇಲ್ಲ ಮಾರಾಯಾ, ಎರಡು ವರ್ಷಕ್ಕೊಂದ್ಸಲ ಕೆಲಸ ಬಿಟ್ಟು ಪಿಎಫ್ ಬಿಡಿಸ್ಕೊಂಡು ಖರ್ಚು ಮಾಡ್ತಾರೆ."

ಈ ಮಾತನ್ನ ನಾನು ಕ್ಯಾಂಟೀನಿನಲ್ಲಿ ಕೇಳಿದೀನಿ, ಕ್ಯಾಬಿನಲ್ಲಿ ಕೇಳಿದೀನಿ, ನಮ್ಮಲ್ಲೇ ಕೆಲವರು ಬರೆದದ್ದನ್ನೂ ಓದಿದೀನಿ. ಹೇಳೋರಲ್ಲಿ ಅರ್ಧ ಜನ ಕಂಪನಿ ಬದಲಾಯಿಸಿದಾಗ ತಮ್ಮ ಪಿಎಫ್ ಬಿಡಿಸಿ ಬೈಕು ಕೊಂಡವರೇ ಅನ್ನೋದು ಬೇರೆ ಮಾತು :-)

ನಾನು ಗೌರಿಬಿದನೂರು ಕಡೆಯವನು. ಎಚ್. ನರಸಿಂಹಯ್ಯನವರು ಹುಟ್ಟಿದ ತಾಲ್ಲೂಕು. ಪವಾಡ ಅಂತ ಯಾರಾದರೂ ಅಂದ ತಕ್ಷಣ ಒಂದು ಸಲ ತಿರುಗಿಸಿ ನೋಡೋದು ನಮ್ಮ ಕಡೆಯ ಗಾಳಿಯಲ್ಲೇ ಇರಬೇಕು. ಹಾಗಾಗಿ ಈ ಚಕ್ರಬಡ್ಡಿಯ ಪವಾಡವನ್ನೂ ಒಮ್ಮೆ ತಿರುಗಿಸಿ ನೋಡೋಣ ಅಂತ.

*

ಮೊದಲು ಗೊತ್ತಿಲ್ಲದವರಿಗೆ ಸ್ವಲ್ಪ ಪಾಠ. ಗೊತ್ತಿರೋರು ಈ ಭಾಗ ಹಾರಿಸಿ.

ನಮ್ಮ ಸಂಬಳದಲ್ಲಿ (ಮೂಲ ವೇತನ, ಡಿಎ ಸೇರಿ) ನೂರಕ್ಕೆ 12 ಪಿಎಫ್‌ಗೆ ಹೋಗುತ್ತೆ. ಕಂಪನಿಯೂ 12 ಹಾಕುತ್ತೆ. ಆದರೆ ಕಂಪನಿಯ 12 ಪೂರ್ತಿ ಪಿಎಫ್‌ಗೆ ಬೀಳಲ್ಲ. ಅದರಲ್ಲಿ 8.33 ಭಾಗ 1995ರ ನವೆಂಬರಿನಲ್ಲಿ ಶುರುವಾದ ನೌಕರರ ಪಿಂಚಣಿ ಯೋಜನೆಗೆ, ಅಂದರೆ ಇಪಿಎಸ್‌ಗೆ ಹೋಗುತ್ತೆ. ಉಳಿದ 3.67 ಪಿಎಫ್‌ಗೆ. ಅಂದರೆ ನಮ್ಮದು ಅಂತ ಇರೋ ಹಣ ಎರಡು ಡಬ್ಬಿಯಲ್ಲಿದೆ. ಒಂದು ಪಿಎಫ್ ಡಬ್ಬಿ, ಅದಕ್ಕೆ ಬಡ್ಡಿ ಇದೆ (2024-25ಕ್ಕೆ 8.25). ಇನ್ನೊಂದು ಪಿಂಚಣಿ ಡಬ್ಬಿ, ಅದಕ್ಕೆ ಬಡ್ಡಿ ಅನ್ನೋ ಲೆಕ್ಕವೇ ಇಲ್ಲ, ಸೂತ್ರ ಇದೆ.

ಸೂತ್ರ ಸರಳ. ಕೊನೆಯ 60 ತಿಂಗಳ ಸರಾಸರಿ ಸಂಬಳವನ್ನ ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಿ. ಬಂದದ್ದು ತಿಂಗಳ ಪಿಂಚಣಿ, 58 ತುಂಬಿದ ಮೇಲೆ. 50 ದಾಟಿದ ಮೇಲೆ ಬೇಗನೂ ತಗೋಬಹುದು, ಆದರೆ ವರ್ಷಕ್ಕೆ ನೂರಕ್ಕೆ 4ರಂತೆ ಕಡಿತ. ಇದಕ್ಕೆಲ್ಲ ಹತ್ತು ವರ್ಷದ ಸೇವೆ ಆಗಿರಬೇಕು. ಆರು ತಿಂಗಳೋ ಅದಕ್ಕಿಂತ ಹೆಚ್ಚೋ ಇದ್ದರೆ ಒಂದು ವರ್ಷ ಅಂತ ಹಿಡೀತಾರೆ, ಹಾಗಾಗಿ ಒಂಬತ್ತೂವರೆ ವರ್ಷಕ್ಕೇ ಹತ್ತು ಅಂತ ಲೆಕ್ಕ. ಅದಕ್ಕಿಂತ ಕಡಿಮೆ ಸೇವೆಗೆ ಕೆಲಸ ಬಿಟ್ಟರೆ ಎರಡು ದಾರಿ. ಫಾರ್ಮ್ 10ಸಿ ತುಂಬಿ ಇಡಿಗಂಟು ತಗೊಳ್ಳೋದು (ವರ್ಷಕ್ಕೆ ಹೆಚ್ಚುಕಡಿಮೆ ಒಂದು ತಿಂಗಳ ಸಂಬಳದಂತೆ), ಇಲ್ಲಾ ಅದೇ ಫಾರ್ಮಿನಲ್ಲಿ ಸ್ಕೀಮ್ ಸರ್ಟಿಫಿಕೇಟ್ ಕೇಳಿ ಆ ಸೇವೆಯನ್ನ ಮುಂದಿನ ಕೆಲಸಕ್ಕೆ ಹೊತ್ತುಕೊಂಡು ಹೋಗೋದು. ಒಂಬತ್ತೂವರೆ ದಾಟಿತು ಅಂದರೆ ಇಡಿಗಂಟಿನ ದಾರಿ ಮುಚ್ಚಿತು, ಆಮೇಲೆ ಪಿಂಚಣಿಯೇ ಗತಿ.

ಪಾಠ ಮುಗೀತು.

*

ಈಗ ಒಂದು ನಿಜವಾದ ಲೆಕ್ಕ. ನಮ್ಮ ಚಿಕ್ಕಮ್ಮನ ಮಗಳು, ನನಗಿಂತ ಹತ್ತು ವರ್ಷ ದೊಡ್ಡವಳು. ಗೌರಿಬಿದನೂರಿನ ಹತ್ತಿರದ ಹಳ್ಳಿಯಿಂದ ದಿನಾ ಬೆಳಿಗ್ಗೆ ವ್ಯಾನ್ ಹತ್ತಿ ದೊಡ್ಡಬಳ್ಳಾಪುರದ ಕಡೆಯ ಗಾರ್ಮೆಂಟ್ಸಿಗೆ ಹೋಗ್ತಾಳೆ. ಕಾಲರ್ ಹೊಲಿಯೋ ಕೆಲಸ. ಸೇವೆ ಒಂಬತ್ತು ವರ್ಷ ಎರಡು ತಿಂಗಳು. ಪಿಎಫ್ ಕತ್ತರಿಸೋ ಸಂಬಳ ಸುಮಾರು 12,000 ಅಂತಿಟ್ಟುಕೊಳ್ಳಿ. ಕುತ್ತಿಗೆ, ಸೊಂಟ ಎರಡೂ ಹೋಗಿದೆ, ಅತ್ತೆ ಹಾಸಿಗೆ ಹಿಡಿದಿದ್ದಾರೆ, ಈಗ ಕೆಲಸ ಬಿಡಬೇಕು ಅಂತಿದ್ದಾಳೆ. ಮನೆಗೆ ಹೋದಾಗ ಪಾಸ್‌ಬುಕ್ಕಿನ ಪ್ರಿಂಟೌಟ್ ಕೈಗೆ ಕೊಟ್ಟು, "ಲೋ, ಇಂಜಿನಿಯರು, ಇದ್ರಲ್ಲಿ ಏನು ಬರುತ್ತೆ, ಯಾವಾಗ ತಗೊಂಡ್ರೆ ಒಳ್ಳೇದು ನೋಡಿ ಹೇಳು" ಅಂದಳು.

ಪಿಎಫ್ ಡಬ್ಬಿಯಲ್ಲಿ ಎರಡು ಲಕ್ಷ ಚಿಲ್ಲರೆ ಇದೆ. ಪಿಂಚಣಿ ಡಬ್ಬಿಯದ್ದನ್ನ ಇಡಿಗಂಟಾಗಿ ತಗೊಂಡರೆ ಒಂದು ಲಕ್ಷದ ಹತ್ತು ಸಾವಿರದ ಆಸುಪಾಸು. ಬೇಡ, ಇನ್ನು ನಾಲ್ಕು ತಿಂಗಳು ಹಲ್ಲು ಕಚ್ಚಿ ದುಡಿದು ಒಂಬತ್ತೂವರೆ ಮಾಡಿಕೊಂಡರೆ, 12,000 ಗುಣಿಸು 10 ಭಾಗಿಸು 70, ಅಂದರೆ ತಿಂಗಳಿಗೆ 1,714 ರೂಪಾಯಿ ಪಿಂಚಣಿ. ಅವಳಿಗೀಗ 38. ಪಿಂಚಣಿ ಪೂರ್ತಿ ಬರೋದು ಇಪ್ಪತ್ತು ವರ್ಷ ಆದಮೇಲೆ.

ನಮ್ಮ ಉಪದೇಶಕರನ್ನ ಕೇಳಿದರೆ ಕಣ್ಣು ಮುಚ್ಚಿಕೊಂಡು "ಪಿಂಚಣಿ ಬಿಡಬೇಡ" ಅಂತಾರೆ. ಲೆಕ್ಕ ಏನು ಹೇಳುತ್ತೆ ನೋಡೋಣ.

1,10,000 ರೂಪಾಯಿಯನ್ನ ವರ್ಷಕ್ಕೆ ನೂರಕ್ಕೆ 7ರ ಬಡ್ಡಿಗೆ ಇಪ್ಪತ್ತು ವರ್ಷ ಮುಟ್ಟದೆ ಇಟ್ಟರೆ ನಾಲ್ಕೂಕಾಲು ಲಕ್ಷ ಆಗುತ್ತೆ. ಆಮೇಲೆ ಅದೇ ಬಡ್ಡಿಯಲ್ಲಿ ತಿಂಗಳಿಗೆ 2,480 ರೂಪಾಯಿ ಬರುತ್ತೆ, ಅಸಲು ಅಲ್ಲೇ ಇರುತ್ತೆ, ಮಗಳಿಗೆ ಬಿಟ್ಟು ಹೋಗಬಹುದು. ಪಿಂಚಣಿಯಲ್ಲಿ 1,714. ಅಸಲು ಅನ್ನೋದೇ ಇಲ್ಲ. ಮೇಲಾಗಿ ಈ ಪಿಂಚಣಿಗೆ ಡಿಎ ಇಲ್ಲ. ಬೆಲೆ ವರ್ಷಕ್ಕೆ ನೂರಕ್ಕೆ 6ರಂತೆ ಏರಿದರೆ ಇಪ್ಪತ್ತು ವರ್ಷದ ನಂತರದ 1,714 ರೂಪಾಯಿ ಇವತ್ತಿನ 534 ರೂಪಾಯಿಗೆ ಸಮ.

ಇದನ್ನ ಹೇಳಿದಾಗ ಅಕ್ಕ ನಕ್ಕಳು. "ಅಷ್ಟೊತ್ತಿಗೆ ಆ ದುಡ್ಡಲ್ಲಿ ಅರ್ಧ ಸಿಲಿಂಡರ್ ಬರುತ್ತೇನೋ" ಅಂದಳು. ಇಂಜಿನಿಯರಿಂಗ್ ಡಿಗ್ರಿ ಇಲ್ಲದೆ ಹಣದುಬ್ಬರ ಅರ್ಥ ಆಗೋದು ಹೀಗೆ.

"ಅದು ಸರಿ ಕಣಯ್ಯಾ, ಆದರೆ ಆಕೆ ಆ ದುಡ್ಡನ್ನ ಇಪ್ಪತ್ತು ವರ್ಷ ಮುಟ್ಟದೆ ಇಡಲ್ವಲ್ಲ, ಖರ್ಚು ಮಾಡಿಬಿಡ್ತಾಳೆ" ಅಂತ ನೀವು ಅಂತೀರಿ. ಒಪ್ಪಿದೆ, ಇಡಲ್ಲ. ಏನು ಮಾಡ್ತಾಳೆ ಅನ್ನೋದನ್ನೂ ನೋಡೋಣ.

ಅವಳಿಗೆ 80,000 ಸಾಲ ಇದೆ, ಮೈಕ್ರೋಫೈನಾನ್ಸ್‌ನದ್ದು. ಬಡ್ಡಿ ನೂರಕ್ಕೆ 24. ಅಸಲು ಹಾಗೇ ಇದ್ದರೆ ವರ್ಷಕ್ಕೆ 19,200 ಬಡ್ಡಿ. ಅದೇ 80,000 ಪಿಎಫ್‌ನಲ್ಲಿ ದುಡಿಯೋದು ವರ್ಷಕ್ಕೆ 6,600. ಒಂದು ಕೈಯಲ್ಲಿ 8.25ಕ್ಕೆ ಸಾಲ ಕೊಟ್ಟು ಇನ್ನೊಂದು ಕೈಯಲ್ಲಿ 24ಕ್ಕೆ ಸಾಲ ತಗೊಂಡ ಹಾಗೆ. ವರ್ಷಕ್ಕೆ 12,600 ರೂಪಾಯಿ ಲುಕ್ಸಾನು, ಅಂದರೆ ಒಂದು ತಿಂಗಳ ಸಂಬಳಕ್ಕಿಂತ ಹೆಚ್ಚು. ಸಾಲ ತೀರಿಸೋದು ಖರ್ಚಲ್ಲ ಸ್ವಾಮಿ, ನೂರಕ್ಕೆ 24 ಖಾತ್ರಿ ಲಾಭ ಕೊಡೋ ಹೂಡಿಕೆ. ಅಂಥ ಮ್ಯೂಚುವಲ್ ಫಂಡ್ ಇದ್ದರೆ ಹೇಳಿ, ನಾನೂ ಹಾಕ್ತೀನಿ.

ದುಡ್ಡಿನ ಲೆಕ್ಕ ಒಂದು ಕಡೆ, ಮರ್ಯಾದೆಯ ಲೆಕ್ಕ ಇನ್ನೊಂದು ಕಡೆ. ವಾರದ ಕಂತು ತಪ್ಪಿದರೆ ಮನೆ ಮುಂದೆ ಬಂದು ಕೂರೋರ ಕಾಟ ಎಷ್ಟಾಗಿತ್ತು ಅಂದರೆ, 2025ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಅದಕ್ಕಂತಲೇ ಒಂದು ಸುಗ್ರೀವಾಜ್ಞೆ ತರಬೇಕಾಯಿತು. ಆ ಕಾಟದಿಂದ ಬಿಡಿಸಿಕೊಳ್ಳೋಕೆ ತನ್ನದೇ ದುಡ್ಡನ್ನ ತಗೊಂಡವಳು ನಮ್ಮ ಕಣ್ಣಿಗೆ ದಡ್ಡಿ!

*

ಈ ದೊಡ್ಡಸ್ತಿಕೆಯ ಇನ್ನೊಂದು ಮುಖ ಹೇಳ್ತೀನಿ ಕೇಳಿ.

ಚಿಂತಾಮಣಿ ತಾಲ್ಲೂಕಿನಲ್ಲಿ ನಮ್ಮ ದೊಡ್ಡಪ್ಪ ಮೇಷ್ಟ್ರಾಗಿದ್ದರು. 2012ರಲ್ಲಿ ರಿಟೈರ್ ಆದರು. ಸರ್ಕಾರಿ ನೌಕರರಿಗೆ ಕಮ್ಯುಟೇಷನ್ ಅಂತ ಒಂದು ಅನುಕೂಲ ಇದೆ. ಪಿಂಚಣಿಯ ಮೂರನೇ ಒಂದು ಭಾಗದವರೆಗೆ ಮುಂಚೆಯೇ ಇಡಿಗಂಟಾಗಿ ತಗೊಳ್ಳಬಹುದು. ಹದಿನೈದು ವರ್ಷ ಆ ಭಾಗ ಪಿಂಚಣಿಯಲ್ಲಿ ಕಡಿತ ಆಗುತ್ತೆ, ಆಮೇಲೆ ಪೂರ್ತಿ ಪಿಂಚಣಿ ವಾಪಸ್. ದೊಡ್ಡಪ್ಪ ತಗೊಂಡರು. ಮನೆ ಮೇಲೆ ಒಂದು ಮಹಡಿ ಕಟ್ಟಿಸಿ ಬಾಡಿಗೆಗೆ ಬಿಟ್ಟರು. ಊರಲ್ಲಿ ಯಾರೂ ಅವರನ್ನ ದಡ್ಡ ಅನ್ನಲಿಲ್ಲ. "ಮೇಷ್ಟ್ರು ವ್ಯವಹಾರಸ್ಥರು" ಅಂದರು.

ಇಬ್ಬರೂ ಮಾಡಿದ್ದು ಒಂದೇ ಕೆಲಸ. ನಾಳೆಯ ಪಿಂಚಣಿಯನ್ನ ಇವತ್ತೇ ನಗದು ಮಾಡಿಕೊಂಡಿದ್ದು. ಮೇಷ್ಟ್ರು ಮಾಡಿದರೆ ವ್ಯವಹಾರ, ಟೈಲರ್ ಮಾಡಿದರೆ ಅವಿವೇಕ.

ತಮಾಷೆ ಏನು ಗೊತ್ತಾ? ಈ ಕಮ್ಯುಟೇಷನ್ ಅನುಕೂಲ ಇಪಿಎಸ್‌ನಲ್ಲೂ ಇತ್ತು. ಪಿಂಚಣಿಯ ಮೂರನೇ ಒಂದು ಭಾಗದವರೆಗೆ ಬಿಟ್ಟುಕೊಟ್ಟು ಅದರ ನೂರರಷ್ಟು ಹಣವನ್ನ ಒಟ್ಟಿಗೇ ತಗೋಬಹುದಿತ್ತು. 2008ರ ಸೆಪ್ಟೆಂಬರಿನಲ್ಲಿ ಅದನ್ನ ತೆಗೆದುಹಾಕಿದರು. ಅದಕ್ಕೆ ಮುಂಚೆ ತಗೊಂಡವರಿಗೆ ಹದಿನೈದು ವರ್ಷದ ನಂತರ ಪೂರ್ತಿ ಪಿಂಚಣಿ ವಾಪಸ್ ಕೊಡೋ ಆದೇಶ ಬಂದದ್ದು 2020ರ ಫೆಬ್ರವರಿಯಲ್ಲಿ. ಅಂದರೆ ಸರ್ಕಾರಿ ನೌಕರನಿಗೆ ಇರೋ ಕಿಟಕಿ ಕಾರ್ಖಾನೆಯವರಿಗೆ ಮುಚ್ಚಿದೆ. ಕಿಟಕಿ ಮುಚ್ಚಿದ ಮನೆಯವರಿಗೆ "ಗಾಳಿ ಬೆಳಕು ಆರೋಗ್ಯಕ್ಕೆ ಒಳ್ಳೇದು" ಅಂತ ಉಪದೇಶ ಬೇರೆ.

*

ಈಗ 2016ಕ್ಕೆ ಬರೋಣ. ಇದನ್ನ ನಾವು ಮರೆಯಬಾರದು.

ಆ ವರ್ಷ ಪಿಎಫ್ ವಿಚಾರದಲ್ಲಿ ಎರಡು ಘಟನೆ ನಡೆದವು. ಮೊದಲನೆಯದು ಬಜೆಟ್ಟಿನದು. ಫೆಬ್ರವರಿ 29ಕ್ಕೆ ಅರುಣ್ ಜೇಟ್ಲಿ ಮಂಡಿಸಿದ ಬಜೆಟ್ಟಿನಲ್ಲಿ ಪಿಎಫ್ ಹಣ ತೆಗೆಯುವಾಗ ಅದರ ನೂರಕ್ಕೆ 60 ಭಾಗದ ವಿಷಯದಲ್ಲಿ ತೆರಿಗೆ ಹಾಕೋ ಪ್ರಸ್ತಾಪ ಇತ್ತು. ಅದು ಬಿಸಿ ಮುಟ್ಟಿಸಿದ್ದು ಹೆಚ್ಚು ಸಂಬಳದ ನಮ್ಮಂಥೋರಿಗೆ. ಕೂಗಾಡಿದೆವು, ಆನ್‌ಲೈನ್ ಅರ್ಜಿಗೆ ಸಹಿ ಹಾಕಿದೆವು, ಟೀವಿಯಲ್ಲಿ ಚರ್ಚೆ ಆಯಿತು. ಮಾರ್ಚ್ 8ಕ್ಕೆ ಸಚಿವರು ಲೋಕಸಭೆಯಲ್ಲಿ ಎದ್ದು ನಿಂತು ವಾಪಸ್ ತಗೊಂಡರು. ಒಂದೇ ವಾರದ ಮಾತು. ಯಾರೂ ಒಂದು ಏಟೂ ತಿನ್ನಲಿಲ್ಲ.

ಎರಡನೆಯದು ಫೆಬ್ರವರಿ 10ರ ಅಧಿಸೂಚನೆ. ಕೆಲಸ ಬಿಟ್ಟು ಎರಡು ತಿಂಗಳಾದರೆ ಪಿಎಫ್ ಪೂರ್ತಿ ತಗೋಬಹುದಿತ್ತಲ್ಲ, ಅದನ್ನ ಬದಲಾಯಿಸಿ, ನಿಮ್ಮ ಪಾಲು ಮಾತ್ರ ತಗೊಳ್ಳಿ, ಕಂಪನಿ ಪಾಲು 58 ತುಂಬೋವರೆಗೆ ಇಲ್ಲ ಅಂದರು. ಇದು ಬಿಸಿ ಮುಟ್ಟಿಸಿದ್ದು ಗಾರ್ಮೆಂಟ್ಸಿನವರಿಗೆ. ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನಲ್ಲಿ ಸಾವಿರ ಸಾವಿರ ಹೆಂಗಸರು ಮಿಷನ್ ಬಿಟ್ಟು ಬೀದಿಗೆ ಇಳಿದರು. ಹೊಸೂರು ರಸ್ತೆ, ತುಮಕೂರು ರಸ್ತೆ ಎಲ್ಲ ಬಂದ್. ಕರೆ ಕೊಟ್ಟ ದೊಡ್ಡ ನಾಯಕರು ಅಂತ ಯಾರೂ ಇರಲಿಲ್ಲ. ಎರಡನೇ ದಿನ ಬಸ್ಸುಗಳಿಗೆ ಬೆಂಕಿ ಬಿತ್ತು, ಕಲ್ಲು ತೂರಾಟ ಆಯಿತು, ಪೊಲೀಸರು ಲಾಠಿ ಬೀಸಿದರು, ಅಶ್ರುವಾಯು ಹಾರಿಸಿದರು. ಬೆಂಕಿ ಹಚ್ಚಿದ್ದು ಸರಿ ಅಂತ ನಾನು ಹೇಳ್ತಿಲ್ಲ. 19ರಂದೇ ಕಾರ್ಮಿಕ ಸಚಿವ ಬಂಡಾರು ದತ್ತಾತ್ರೇಯ ಆ ಅಧಿಸೂಚನೆಯನ್ನ ವಾಪಸ್ ತಗೊಂಡರು.

ನಾನು ಆಗ ಸಿಇಟಿಗೆ ಓದ್ತಾ ಇದ್ದೆ. ಟೀವಿ ನೋಡ್ತಾ ಮನೆಗೆ ಬಂದಿದ್ದವರೊಬ್ಬರು "ಇವರಿಗೆ ಮುಪ್ಪಿನ ಯೋಚನೆಯೇ ಇಲ್ಲ ನೋಡು" ಅಂದದ್ದು ನೆನಪಿದೆ. ಒಂದು ವಾರದ ಗದ್ದಲದಲ್ಲಿ ತೆರಿಗೆ ತಪ್ಪಿಸಿಕೊಂಡ ನಾವು ಜಾಗೃತ ನಾಗರಿಕರು. ಎರಡು ದಿನ ಬಿಸಿಲಲ್ಲಿ ನಿಂತು ತಮ್ಮದೇ ದುಡ್ಡು ಉಳಿಸಿಕೊಂಡ ಅವರು ಮುಂದಾಲೋಚನೆ ಇಲ್ಲದವರು. ಇಬ್ಬರೂ ಹೇಳಿದ್ದು ಒಂದೇ: ನಮ್ಮ ಹಣದ ಮೇಲೆ ನಮ್ಮನ್ನ ಕೇಳದೆ ಕೈ ಹಾಕಬೇಡಿ.

*

ಕಥೆ ಅಲ್ಲಿಗೆ ಮುಗೀಲಿಲ್ಲ. 2025ರ ಅಕ್ಟೋಬರ್ 13ರಂದು ಪಿಎಫ್‌ನ ಕೇಂದ್ರ ಟ್ರಸ್ಟಿಗಳ ಮಂಡಳಿ ಇನ್ನೊಂದು ತೀರ್ಮಾನ ಮಾಡಿತು. ಮಧ್ಯೆ ಮಧ್ಯೆ ಹಣ ತೆಗೆಯೋಕೆ ಇದ್ದ 13 ಬಗೆಯ ನಿಯಮಗಳನ್ನ ಮೂರು ಗುಂಪಿಗೆ ಇಳಿಸೋದು, ಖಾತೆಯಲ್ಲಿ ನೂರಕ್ಕೆ 25 ಭಾಗ ಸದಾ ಉಳಿಸೋದು, ಕೆಲಸ ಹೋದಾಗ 75 ಭಾಗ ಕೂಡಲೇ ತೆಗೆಯೋಕೆ ಬಿಡೋದು, ಪೂರ್ತಿ ಲೆಕ್ಕ ಚುಕ್ತಾ ಮಾಡೋಕೆ ಮುಂಚಿನ ಎರಡು ತಿಂಗಳ ಬದಲು 12 ತಿಂಗಳು ಕಾಯಿಸೋದು, ಪಿಂಚಣಿ ಡಬ್ಬಿಯ ಇಡಿಗಂಟಿಗೆ ಎರಡು ತಿಂಗಳ ಬದಲು 36 ತಿಂಗಳು ಕಾಯಿಸೋದು.

ನ್ಯಾಯವಾಗಿ ಹೇಳಬೇಕು ಅಂದರೆ ಇದರಲ್ಲಿ ಒಳ್ಳೇದೂ ಇದೆ. 75 ಭಾಗ ಕೂಡಲೇ ಅನ್ನೋದು 2016ರ ಹುಕುಂಗಿಂತ ಎಷ್ಟೋ ವಾಸಿ. ಆದರೆ ಇದಕ್ಕೆ ಸರ್ಕಾರ ಕೊಟ್ಟ ಸಮರ್ಥನೆ ನೋಡಿ. ಕೊನೆಯ ಚುಕ್ತಾ ಹೊತ್ತಿಗೆ ಅರ್ಧದಷ್ಟು ಸದಸ್ಯರ ಖಾತೆಯಲ್ಲಿ 20,000ಕ್ಕಿಂತ ಕಡಿಮೆ, ಮುಕ್ಕಾಲು ಪಾಲು ಜನರ ಖಾತೆಯಲ್ಲಿ 50,000ಕ್ಕಿಂತ ಕಡಿಮೆ ಇರುತ್ತಂತೆ. ಪದೇ ಪದೇ ತೆಗೀತಾರೆ, ಅದಕ್ಕೇ ಉಳಿಯಲ್ಲ ಅನ್ನೋದು ವಾದ.

ಅದೇ ಅಂಕಿಯನ್ನ ಇನ್ನೊಂದು ಕಡೆಯಿಂದ ನೋಡಿ. 12,000 ಸಂಬಳದವರಿಗೆ ಪಿಎಫ್ ಡಬ್ಬಿಗೆ ತಿಂಗಳಿಗೆ ಬೀಳೋದು 15.67 ಭಾಗ, ಅಂದರೆ 1,880. ವರ್ಷಕ್ಕೆ ಸುಮಾರು 22,500. ಹಾಗಾದರೆ 20,000ಕ್ಕಿಂತ ಕಡಿಮೆ ಇದೆ ಅಂದರೆ ಅದು ಒಂದು ವರ್ಷದ ದುಡಿಮೆಯ ಪಿಎಫ್‌ಗಿಂತ ಕಡಿಮೆ. ಕೆಲವರು ಮಧ್ಯೆ ಅಡ್ವಾನ್ಸ್ ತಗೊಂಡಿರಬಹುದು, ಇಲ್ಲ ಅನ್ನಲ್ಲ. ಆದರೆ ವರ್ಷವೂ ನಿಲ್ಲದ ಕೆಲಸಗಳು, ಏರದ ಸಂಬಳ, ಇವೂ ಆ ಅಂಕಿಯ ಒಳಗೇ ಕೂತಿವೆ. ಕೆಲಸ ನಿಲ್ಲದಿದ್ದಾಗ ಉಳಿತಾಯ ಹೇಗೆ ನಿಲ್ಲುತ್ತೆ? ಆ ಕಾಯಿಲೆಗೆ ಔಷಧಿ ಕೊಡೋದು ಬಿಟ್ಟು ಡಬ್ಬಿಗೆ ಬೀಗ ಹಾಕಿದರೆ ಏನು ಬಂತು?

ನಮ್ಮಲ್ಲಿ ಕೆಲಸ ಹೋದವರಿಗೆ ತಿಂಗಳು ತಿಂಗಳು ಕೈಗೆ ಬರೋ ಭತ್ಯೆ ಅನ್ನೋದು ಹೆಸರಿಗೆ ಮಾತ್ರ. ಹಾಗಾಗಿ ಬಡವರ ಪಾಲಿಗೆ ಪಿಎಫ್ಫೇ ನಿರುದ್ಯೋಗ ಭತ್ಯೆ, ಪಿಎಫ್ಫೇ ಆಸ್ಪತ್ರೆ ವಿಮೆ, ಪಿಎಫ್ಫೇ ಮಗಳ ಕಾಲೇಜು ಫೀಸು. ಒಂದೇ ಕೊಡೆಯಲ್ಲಿ ಮನೆಮಂದಿಯೆಲ್ಲ ನಿಂತಿದ್ದಾರೆ. ಕೊಡೆ ಕಿತ್ತುಕೊಂಡು "ಮುಂದೆ ಜೋರು ಮಳೆ ಬರುತ್ತೆ, ಆಗ ಕೊಡ್ತೀವಿ" ಅಂದರೆ ಇವತ್ತಿನ ಮಳೆಗೆ ಏನು ಮಾಡೋದು?

*

ಇನ್ನು ಈ ಪ್ರಶ್ನೆಯೇ ಇಲ್ಲದವರ ಬಗ್ಗೆ ಎರಡು ಮಾತು. ಶಿಡ್ಲಘಟ್ಟಕ್ಕೆ ಹೋಗಿದ್ದೀರಾ? ದೊಡ್ಡ ರೇಷ್ಮೆ ಗೂಡಿನ ಮಾರುಕಟ್ಟೆ ಇರೋ ಊರು. ಗೂಡು ಬೇಯಿಸೋ ಬಿಸಿನೀರಿನಲ್ಲಿ ದಿನವಿಡೀ ಕೈ ಅದ್ದಿ ನೂಲು ತೆಗೆಯೋ ಜನ ಅಲ್ಲಿದ್ದಾರೆ. ಸಣ್ಣ ಸಣ್ಣ ಘಟಕಗಳು. ಇಪ್ಪತ್ತು ಜನರಿಗಿಂತ ಕಡಿಮೆ ಕೆಲಸಗಾರರಿರೋ ಕಡೆ ಪಿಎಫ್ ಕಡ್ಡಾಯ ಅಲ್ಲ. ಅಂಥ ಕಡೆ ದುಡಿಯೋರಿಗೆ ಪಿಂಚಣಿ ಹಣವನ್ನ ಮುಂಚೆ ತಗೋಬೇಕಾ ಆಮೇಲೆ ತಗೋಬೇಕಾ ಅನ್ನೋ ಯೋಚನೆಯೇ ಇಲ್ಲ, ಡಬ್ಬಿಯೇ ಇಲ್ಲವಲ್ಲ! ಅವರ ಪಿಂಚಣಿ ಏನಿದ್ದರೂ ಕಿವಿಯಲ್ಲಿರೋ ಓಲೆ. ಕಷ್ಟ ಬಂದರೆ ಗಿರವಿ ಅಂಗಡಿ. ಅಲ್ಲಿ ಯಾರೂ "58 ಆಗಲಿ" ಅನ್ನಲ್ಲ.

2015ರಲ್ಲಿ ಶುರುವಾದ ಅಟಲ್ ಪಿಂಚಣಿ ಯೋಜನೆ ಇಂಥವರಿಗಾಗಿಯೇ ಅಂತಾರೆ. 18ರಿಂದ 40 ವರ್ಷದೊಳಗೆ ಸೇರಬೇಕು, 60ಕ್ಕೆ ತಿಂಗಳಿಗೆ 1,000ದಿಂದ 5,000. ಒಳ್ಳೇ ಯೋಜನೆಯೇ. ಆದರೆ ಅಲ್ಲೂ ಮೊತ್ತ ಇವತ್ತೇ ನಿಗದಿ, ಬೆಲೆ ಏರಿಕೆಗೆ ತಕ್ಕಂತೆ ಏರೋದಿಲ್ಲ.

*

"ಹಾಗಾದರೆ ಎಲ್ಲರೂ ಪಿಂಚಣಿ ಬಿಟ್ಟು ದುಡ್ಡು ತಗೊಳ್ಳಿ ಅಂತೀಯಾ?" ಅಂತ ಕೇಳೋರಿಗೆ: ಇಲ್ಲ. ಸರಿಯಾಗಿ ಓದಿ.

ಪಿಂಚಣಿ ಅನ್ನೋದು ಹೂಡಿಕೆ ಅಲ್ಲ, ಜಾಸ್ತಿ ದಿನ ಬದುಕಿದರೆ ಕೈ ಖಾಲಿ ಆಗದ ಹಾಗೆ ಮಾಡೋ ವಿಮೆ. ನಮ್ಮ ಚಿಕ್ಕಬಳ್ಳಾಪುರದ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರನ್ನೇ ನೋಡಿ. ಮುಂಬಯಿ ಸರ್ಕಾರದ ಕೆಲಸದಿಂದ 1908ರಲ್ಲಿ ಸ್ವಂತ ಇಚ್ಛೆಯಿಂದ ನಿವೃತ್ತರಾದರು, ತೀರಿಕೊಂಡದ್ದು 1962ರಲ್ಲಿ. ಮಧ್ಯೆ 54 ವರ್ಷ! ಎಲ್ಲರೂ ಅವರಾಗಲ್ಲ, ಆದರೆ ನಾವು ಎಷ್ಟು ವರ್ಷ ಇರ್ತೀವಿ ಅಂತ ಯಾರಿಗೂ ಗೊತ್ತಿಲ್ಲ. ಇಡಿಗಂಟು ಕರಗುತ್ತೆ, ಮಗನೋ ಅಳಿಯನೋ ಬಂದು ಕೇಳಿದರೆ ಇನ್ನೂ ಬೇಗ ಕರಗುತ್ತೆ. ತಿಂಗಳು ತಿಂಗಳು ಬರೋದನ್ನ ಯಾರೂ ಒಂದೇ ಸಲ ಕೇಳೋಕಾಗಲ್ಲ. ಮುದುಕಿಯರಿಗೆ ಇದು ಸಣ್ಣ ಮಾತಲ್ಲ. ಜೊತೆಗೆ, ಕೆಲಸದಲ್ಲಿದ್ದಾಗ ಸದಸ್ಯ ತೀರಿಕೊಂಡರೆ ಒಂದೇ ತಿಂಗಳ ವಂತಿಗೆ ಕಟ್ಟಿದ್ದರೂ ಮನೆಯವರಿಗೆ ಕುಟುಂಬ ಪಿಂಚಣಿ ಸಿಗುತ್ತೆ. ಇದು ನಿಜವಾಗಲೂ ದೊಡ್ಡ ವಿಷಯ.

ಹಾಗಾಗಿ ವಯಸ್ಸು ನೋಡಬೇಕು. ಅಕ್ಕನ ಜಾಗದಲ್ಲಿ 50 ವರ್ಷದವರು ಇದ್ದರೆ ಲೆಕ್ಕ ಉಲ್ಟಾ. 1,10,000 ಎಂಟು ವರ್ಷಕ್ಕೆ 7ರಂತೆ ಬೆಳೆದರೆ 1,89,000, ಅದರ ಬಡ್ಡಿ ತಿಂಗಳಿಗೆ 1,100. ಪಿಂಚಣಿ 1,714. ಅಂಥವರು ನಾಲ್ಕು ತಿಂಗಳಿಗೋಸ್ಕರ ಹತ್ತನೇ ವರ್ಷ ಕೈಬಿಟ್ಟರೆ ನಷ್ಟ. ಬಡ್ಡಿಯನ್ನಷ್ಟೇ ಹೋಲಿಸಿದರೆ ತಕ್ಕಡಿ ಪಿಂಚಣಿ ಕಡೆ ವಾಲೋಕೆ ಶುರು ಆಗೋದು 43-44ರ ಆಸುಪಾಸಿನಲ್ಲಿ. ಅಂದರೆ, 50ರ ಹತ್ತಿರ ಇದ್ದು ಹತ್ತು ವರ್ಷಕ್ಕೆ ಸ್ವಲ್ಪವೇ ಕಮ್ಮಿ ಇದ್ದರೆ ಕಾಯಿರಿ. ಚಿಕ್ಕ ವಯಸ್ಸು, ದೊಡ್ಡ ಬಡ್ಡಿಯ ಸಾಲ ಇದ್ದರೆ ಪಿಎಫ್ ತಗೊಂಡು ಸಾಲ ತೀರಿಸೋದರಲ್ಲಿ ನಾಚಿಕೆ ಏನಿಲ್ಲ. ಮತ್ತೆ ಕೆಲಸಕ್ಕೆ ಸೇರೋ ಆಸೆ ಇದ್ದರೆ ಪಿಂಚಣಿ ಡಬ್ಬಿಯನ್ನ ಮಾತ್ರ ಮುಟ್ಟದೆ ಸ್ಕೀಮ್ ಸರ್ಟಿಫಿಕೇಟ್ ತಗೊಳ್ಳಿ. ಎರಡು ಡಬ್ಬಿಯನ್ನೂ ಒಟ್ಟಿಗೇ ಖಾಲಿ ಮಾಡಲೇಬೇಕು ಅಂತ ಯಾವ ನಿಯಮವೂ ಇಲ್ಲ. ಇನ್ನೊಂದು: ಐದು ವರ್ಷ ಸತತ ಸೇವೆ ಆಗೋ ಮುಂಚೆ ಪಿಎಫ್ ತೆಗೆದರೆ ತೆರಿಗೆ ಬೀಳಬಹುದು, 50,000 ಮೀರಿದರೆ ಟಿಡಿಎಸ್ ಕತ್ತರಿಸ್ತಾರೆ.

ಸ್ಕೀಮ್ ಸರ್ಟಿಫಿಕೇಟ್ ಅನ್ನೋ ಪದವನ್ನ ನಮ್ಮಕ್ಕ ಒಂಬತ್ತು ವರ್ಷದಲ್ಲಿ ಒಂದು ಸಲವೂ ಕೇಳಿರಲಿಲ್ಲ. ಅವಳ ಲೈನಿನಲ್ಲಿ ಹೊಲಿಯೋ ಇನ್ನೂ ನಾಲ್ಕು ಜನರನ್ನ ಕೇಳಿಸಿದೆ, ಅವರೂ ಕೇಳಿಲ್ಲ. ಅವರಿಗೆ ಗೊತ್ತಿರೋದು ಫಾರ್ಮ್ ತುಂಬಿಕೊಡೋ ಏಜೆಂಟ್ ಒಬ್ಬನೇ. ಅವನಿಗೆ ಕಮಿಷನ್ ಸಿಗೋದು ದುಡ್ಡು ಬಂದರೆ ಮಾತ್ರ, ಸರ್ಟಿಫಿಕೇಟ್ ಬಂದರೆ ಅಲ್ಲ. ಅವನು ಯಾವುದನ್ನ ತುಂಬ್ತಾನೆ ಅಂತ ನೀವೇ ಊಹಿಸಿ.

*

ಅಕ್ಕ ಪಿಎಫ್‌ನಿಂದ ಸಾಲ ತೀರಿಸೋದಂತೂ ಖಚಿತ. ಪಿಂಚಣಿ ಡಬ್ಬಿಯ ವಿಷಯ ಇನ್ನೂ ಯೋಚನೆ ಮಾಡ್ತಿದ್ದಾಳೆ. ಎರಡು ಲೆಕ್ಕವನ್ನೂ ಕನ್ನಡದಲ್ಲಿ ಒಂದು ಹಾಳೆ ಮೇಲೆ ಬರೆದುಕೊಟ್ಟಿದೀನಿ. ಇದನ್ನ ಮಾಡು ಅಂತ ಹೇಳಿಲ್ಲ. ಅವಳ ಸೊಂಟ ನೋವು ನನ್ನ ಎಕ್ಸೆಲ್ ಶೀಟಿನಲ್ಲಿ ಯಾವ ಕಾಲಮ್ಮಿಗೂ ಬರಲ್ಲ.

ನನ್ನ ತಕರಾರು ಇಷ್ಟೇ. ಕಾಯೋದು ಅನ್ನೋದು ಗುಣ ಅಲ್ಲ, ಅನುಕೂಲ. ತಿಂಗಳ ಕೊನೆಗೆ ಕೈಯಲ್ಲಿ ದುಡ್ಡು ಉಳಿಯೋನು ಕಾಯಬಲ್ಲ. ನಾನು ನನ್ನ ಪಿಎಫ್ ಮುಟ್ಟಿಲ್ಲ, ಅದು ನನ್ನ ಸಂಯಮ ಅಲ್ಲ, ನನಗೆ ಬೇಕಾಗಿ ಬಂದಿಲ್ಲ ಅಷ್ಟೇ. ನಮ್ಮಂಥೋರು ಕಾರಿನ ಡೌನ್ ಪೇಮೆಂಟಿಗೆ ಪಿಎಫ್ ತೆಗೆದರೆ ಬೈಯಿರಿ, ಧಾರಾಳವಾಗಿ ಬೈಯಿರಿ, ನಾನೂ ದನಿ ಸೇರಿಸ್ತೀನಿ.

ಬಡವರು ಕಾಯಲಿ ಅನ್ನೋದಾದರೆ ಕಾದದ್ದಕ್ಕೆ ಬೆಲೆ ಸಿಗೋ ಹಾಗೆ ಮಾಡಿ. ಕನಿಷ್ಠ ಪಿಂಚಣಿ ಅಂತ 2014ರಲ್ಲಿ 1,000 ರೂಪಾಯಿ ನಿಗದಿ ಮಾಡಿದರಲ್ಲ, ಅದರಲ್ಲಿ ಏನು ಬರುತ್ತೆ? ದೊಡ್ಡಪ್ಪನ ಪಿಂಚಣಿಗೆ ಡಿಎ ಇರೋ ಹಾಗೆ ಅಕ್ಕನ ಪಿಂಚಣಿಗೂ ಇರಲಿ. ಕೆಲಸ ಹೋದ ತಿಂಗಳುಗಳಿಗೆ ಕೈಗೆ ಸಿಗೋ ಭತ್ಯೆ ಇರಲಿ, ಆಗ ಪಿಎಫ್‌ಗೆ ಯಾರೂ ಕೈ ಹಾಕಲ್ಲ. ಕೆಲಸ ಬಿಡೋ ದಿನ ಪ್ರತಿಯೊಬ್ಬರ ಕೈಗೂ ಕನ್ನಡದಲ್ಲಿ ಒಂದು ಚೀಟಿ ಬರಲಿ: ಈಗ ತಗೊಂಡರೆ ಇಷ್ಟು, ಕಾದರೆ ಇಷ್ಟು, ಹತ್ತು ವರ್ಷಕ್ಕೆ ಇನ್ನು ಇಷ್ಟು ತಿಂಗಳು ಬಾಕಿ. ಇದಕ್ಕೆ ಬೇಕಾದ ಎಲ್ಲ ಮಾಹಿತಿ ಕಂಪ್ಯೂಟರಿನಲ್ಲಿ ಈಗಲೇ ಇದೆ. ಸಾಫ್ಟ್‌ವೇರ್ ಬರೆಯೋನಾಗಿ ಹೇಳ್ತಿದೀನಿ, ಇದು ದೊಡ್ಡ ಕೆಲಸವೇ ಅಲ್ಲ.

ಅಲ್ಲಿಯವರೆಗೆ ನಾವು ಒಂದು ಕೆಲಸ ಮಾಡಬಹುದು. ನಿಮ್ಮ ಮನೆ ಕೆಲಸಕ್ಕೆ ಬರೋರ ಮಗಳು, ನಿಮ್ಮ ಅಪಾರ್ಟ್‌ಮೆಂಟಿನ ಸೆಕ್ಯುರಿಟಿಯವರು, ಊರಿನ ಅಕ್ಕಂದಿರು, ಯಾರಾದರೂ ಪಿಎಫ್ ಇರೋರು ಇದ್ದರೆ ಕೂತು ಪಾಸ್‌ಬುಕ್ ತೆಗೆದು ನೋಡಿ, ಎರಡು ಡಬ್ಬಿ ಇದೆ ಅಂತ ಹೇಳಿ, ಲೆಕ್ಕ ಹಾಕಿಕೊಡಿ. ತೀರ್ಮಾನ ಅವರಿಗೆ ಬಿಡಿ. ಉಪದೇಶಕ್ಕಿಂತ ಅರ್ಧ ಗಂಟೆಯ ಗುಣಾಕಾರ ಹೆಚ್ಚು ಉಪಯೋಗ.

ನನ್ನ ಲೆಕ್ಕದಲ್ಲಿ ತಪ್ಪು ಕಂಡರೆ ಕೆಳಗೆ ಟಿಪ್ಪಣಿಯಲ್ಲಿ ಬರೆಯಿರಿ, ತಿದ್ದಿಕೊಳ್ತೀನಿ. ಬೈಯೋದಿದ್ದರೂ ಬೈಯಿರಿ. ಆದರೆ ದಯವಿಟ್ಟು ಕ್ಯಾಲ್ಕುಲೇಟರ್ ಪಕ್ಕದಲ್ಲಿಟ್ಟುಕೊಂಡು ಬೈಯಿರಿ :-)